ಸೂರ್ಯನ ಬೆಂಕಿಯಲ್ಲಿ ಯಾರಿಗೆ ಪಾಲು?

2022ರ ಡಿಸೆಂಬರ್ 13ರಂದು ಅಮೆರಿಕದ ಇಂಧನ ಇಲಾಖೆಯು ಪತ್ರಿಕಾಗೋಷ್ಠಿಯೊಂದನ್ನು ಕರೆದು, ಕ್ಯಾಲಿಫೋರ್ನಿಯಾದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೈಜಿಕ ಸಮ್ಮಿಲನದಿಂದ ಹೂಡಿದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಪಡೆಯಲಾಗಿದೆಯೆಂದು ಪ್ರಕಟಿಸಿತು. ಸೂರ್ಯನೊಳಗೆ ಉರಿಯುವ ಬೆಂಕಿಯನ್ನು ಮನುಷ್ಯನು ಭೂಮಿಗೆ ಇಳಿಸಿದನೆಂದು ಜಗತ್ತಿನ ಮಾಧ್ಯಮಗಳು ಸಂಭ್ರಮಿಸಿದವು. ಆ ಬಳಿಕ ಇಂತಹ ಸುದ್ದಿಗಳಿಗೆ ಬರವಿಲ್ಲ. 2025ರ ಜನವರಿಯಲ್ಲಿ ಚೀನಾದ ‘ಈಸ್ಟ್’ ಯಂತ್ರವು ಕಾದ ಪ್ಲಾಸ್ಮಾವನ್ನು 1,066 ಸೆಕೆಂಡು ಹಿಡಿದಿಟ್ಟಿತು. ಮರುತಿಂಗಳಲ್ಲೇ ಫ್ರಾನ್ಸಿನ ‘ವೆಸ್ಟ್’ ಯಂತ್ರವು 1,337 ಸೆಕೆಂಡುಗಳ ದಾಖಲೆ ಬರೆಯಿತು. ‘ಕೃತಕ ಸೂರ್ಯ’ ಎಂಬ ಪದ ಈಗ ಮನೆಮನೆಯ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ.

ಈ ಸುದ್ದಿಗಳಿಗೆ ನಮ್ಮ ಸಮುದಾಯದಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಕಂಡುಬರುತ್ತವೆ. ಒಂದು ವರ್ಗವು, ಇನ್ನು ವಿದ್ಯುತ್ತಿನ ಸಮಸ್ಯೆಯೇ ಮುಗಿಯಿತೆಂದು ನಂಬಿಬಿಡುತ್ತದೆ. ಇನ್ನೊಂದು ವರ್ಗವು, ಮನುಷ್ಯನು ಸೃಷ್ಟಿಕರ್ತನೊಂದಿಗೆ ಸ್ಪರ್ಧೆಗಿಳಿದಿದ್ದಾನೆಂದು ಹುಬ್ಬು ಗಂಟಿಕ್ಕುತ್ತದೆ. ವಾಸ್ತವದಲ್ಲಿ ಈ ಎರಡೂ ನಿಲುವುಗಳು ಅಜ್ಞಾನದಿಂದ ಹುಟ್ಟಿದವು. ಸೂರ್ಯನನ್ನು ಉರಿಸುವ ನಿಯಮವನ್ನು ಮನುಷ್ಯನು ರಚಿಸಿಲ್ಲ. ಆ ನಿಯಮಕ್ಕೆ ಬೇಕಾದ ಇಂಧನವನ್ನು ಸಮುದ್ರದಲ್ಲಿ ಇಟ್ಟವನೂ ಅವನಲ್ಲ. ಅಲ್ಲಾಹನು ಇಟ್ಟ ನಿಯಮವನ್ನು ಅರಿತು ಬಳಸುವುದು ಸ್ಪರ್ಧೆಯಾಗುವುದಾದರೆ ಒಲೆ ಹಚ್ಚುವುದೂ ಸ್ಪರ್ಧೆಯೇ ಆದೀತು. ಆದ್ದರಿಂದ ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆಯದು. ಈ ಬೆಂಕಿ ನಿಜವಾಗಿ ಎಷ್ಟು ಹತ್ತಿರದಲ್ಲಿದೆ? ಅದು ಹೊತ್ತಿಕೊಂಡ ದಿನ ಅದರಲ್ಲಿ ಯಾರಿಗೆ ಪಾಲಿರುತ್ತದೆ?

ಭರವಸೆ ಏನು?

ನಮ್ಮ ಕೈಗಾದಂತಹ ಅಣುಸ್ಥಾವರಗಳಲ್ಲಿ ನಡೆಯುವುದು ವಿದಳನ. ಅಲ್ಲಿ ಯುರೇನಿಯಂನ ಭಾರವಾದ ಪರಮಾಣುಬೀಜವು ಒಡೆದು ಶಕ್ತಿ ಬಿಡುಗಡೆಯಾಗುತ್ತದೆ. ಸಮ್ಮಿಲನವು ಇದಕ್ಕೆ ತೀರಾ ವಿರುದ್ಧವಾದ ಕ್ರಿಯೆ. ಜಲಜನಕದ ಹಗುರವಾದ ಬೀಜಗಳು ಒಂದಕ್ಕೊಂದು ಬೆಸೆದು ಹೀಲಿಯಂ ಆಗುವಾಗ ದ್ರವ್ಯದ ಒಂದು ಸಣ್ಣ ಅಂಶವು ಶಕ್ತಿಯಾಗಿ ಮಾರ್ಪಡುತ್ತದೆ. ನಕ್ಷತ್ರಗಳು ಹೀಗೆಯೇ ಉರಿಯುತ್ತಿರಬಹುದೆಂದು ಬ್ರಿಟಿಷ್ ಖಗೋಳಜ್ಞ ಆರ್ಥರ್ ಎಡಿಂಗ್ಟನ್ 1920ರಲ್ಲಿ ಸೂಚಿಸಿದರು. 1939ರಲ್ಲಿ ಹಾನ್ಸ್ ಬೆಥೆ ಅದರ ಸರಪಣಿಯನ್ನು ವಿವರಿಸಿದರು. ಸೂರ್ಯನು ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವನ್ನು ಹೀಗೆ ಬೆಸೆಯುತ್ತಿದ್ದಾನೆ.

ಭೂಮಿಯಲ್ಲಿ ಈ ಕೆಲಸಕ್ಕೆ ಜಲಜನಕದ ಎರಡು ಭಾರರೂಪಗಳು ಬೇಕು. ಅವುಗಳ ಹೆಸರು ಡ್ಯುಟೀರಿಯಂ ಮತ್ತು ಟ್ರಿಟಿಯಂ. ಸಾವಿರ ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 33 ಗ್ರಾಂ ಡ್ಯುಟೀರಿಯಂ ಇದೆ. ಅದನ್ನು ಯಾವ ಶೇಖ್‌ನೂ ಯಾವ ತೈಲ ಕಂಪೆನಿಯೂ ಬೇಲಿ ಹಾಕಿ ಕಾಯಲಾರದು. ಸಮ್ಮಿಲನದಲ್ಲಿ ಹೊಗೆಯಿಲ್ಲ, ಬೂದಿಯಿಲ್ಲ. ಚೆರ್ನೋಬಿಲ್‌ನಂತೆ ಕೈಮೀರಿ ಉರಿಯುವ ಭಯವೂ ಇಲ್ಲ. ಯಂತ್ರದಲ್ಲಿ ಸ್ವಲ್ಪ ಏರುಪೇರಾದರೂ ಬೆಂಕಿ ತಾನಾಗಿಯೇ ಆರಿಹೋಗುತ್ತದೆ. ಸಾವಿರಾರು ವರ್ಷ ಹೂತಿಡಬೇಕಾದ ಬಳಸಿದ ಇಂಧನವೂ ಉಳಿಯುವುದಿಲ್ಲ. ಪಡುಬಿದ್ರಿಯ ಬಳಿಯ ಕಲ್ಲಿದ್ದಲು ಸ್ಥಾವರದ ಹಾರುಬೂದಿಯ ಬಗ್ಗೆ ದೂರುತ್ತ ಬಂದ ಕರಾವಳಿಯ ರೈತನಿಗೆ ಈ ಭರವಸೆ ಎಷ್ಟು ದೊಡ್ಡದೆಂದು ಬೇರೆ ಹೇಳಬೇಕಾಗಿಲ್ಲ.

ಸುದ್ದಿಯ ಹಿಂದಿನ ಲೆಕ್ಕ

ಆದರೆ ಭರವಸೆಯನ್ನು ತೂಗಲು ತಕ್ಕಡಿ ಬೇಕು. ಆ ತಕ್ಕಡಿ ನಮ್ಮೆಲ್ಲರ ಮನೆಯ ಗೋಡೆಯ ಮೇಲೆಯೇ ಇದೆ. ಕರೆಂಟ್ ಬಿಲ್ಲಿನ ಯೂನಿಟ್‌ನಲ್ಲಿ ಈ ಸಾಧನೆಗಳನ್ನು ಅಳೆದು ನೋಡೋಣ.

ಲಿವರ್‌ಮೋರ್‌ನಲ್ಲಿ 192 ಲೇಸರ್ ಕಿರಣಗಳು ಮೆಣಸಿನ ಕಾಳಿನಷ್ಟು ಪುಟ್ಟ ಇಂಧನದ ಗುಳಿಗೆಯನ್ನು ಅದುಮಿದವು. ಕಿರಣಗಳು ತಂದ ಶಕ್ತಿ 2.05 ಮೆಗಾಜೂಲ್, ಹೊರಬಂದ ಶಕ್ತಿ 3.15 ಮೆಗಾಜೂಲ್. ಲಾಭವೆಂದು ಸಾರಿದ್ದು ಇದನ್ನೇ. ಆದರೆ ಹೊರಬಂದ ಆ ಶಕ್ತಿಯು ಒಂದು ಯೂನಿಟ್‌ನಷ್ಟೂ ಇರಲಿಲ್ಲ. ಆ ಲೇಸರ್‌ಗಳನ್ನು ಒಂದು ಸಲ ಹಾರಿಸಲು ವಿದ್ಯುತ್ ಜಾಲದಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೂಲ್, ಅಂದರೆ 80 ಯೂನಿಟ್‌ಗಿಂತಲೂ ಹೆಚ್ಚು. 80 ರೂಪಾಯಿ ಖರ್ಚು ಮಾಡಿ 90 ಪೈಸೆ ಗಳಿಸಿದ ವ್ಯಾಪಾರಿಯನ್ನು ನಮ್ಮ ಪೇಟೆಯಲ್ಲಿ ಯಾರೂ ಲಾಭದಲ್ಲಿದ್ದಾನೆನ್ನಲಾರರು. ಅಲ್ಲಿಂದೀಚೆಗೆ ಅದೇ ಪ್ರಯೋಗಾಲಯವು 2025ರಲ್ಲಿ 8.6 ಮೆಗಾಜೂಲ್‌ವರೆಗೆ ತಲುಪಿದೆ. ಪ್ರಗತಿ ನಿಜ, ಆದರೆ ಅಂತರವೂ ಅಷ್ಟೇ ನಿಜ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿದ್ದ ‘ಜೆಟ್’ ಯಂತ್ರದ ಕಥೆಯೂ ಇದೇ. ಲೇಸರ್ ಬದಲು ಕಾಂತಕ್ಷೇತ್ರದಿಂದ ಪ್ಲಾಸ್ಮಾವನ್ನು ಹಿಡಿದಿಡುವ ಈ ಯಂತ್ರವು 1983ರಿಂದ 2023ರವರೆಗೆ ನಾಲ್ಕು ದಶಕ ದುಡಿಯಿತು. ತನ್ನ ಕೊನೆಯ ವರ್ಷದಲ್ಲಿ ಅದು 0.2 ಮಿಲಿಗ್ರಾಂ ಇಂಧನದಿಂದ 69 ಮೆಗಾಜೂಲ್ ಶಾಖವನ್ನು ಹೊರಡಿಸಿತು. ಸಕ್ಕರೆಯ ಒಂದು ಹರಳಿನಷ್ಟೂ ತೂಗದ ವಸ್ತುವಿನಿಂದ 19 ಯೂನಿಟ್! ಇದು ಬೆರಗು ಹುಟ್ಟಿಸುವ ಸಂಗತಿ. ಆದರೆ ಆ ಪ್ಲಾಸ್ಮಾವನ್ನು ಕಾಯಿಸಲು ಒಳಗೆ ಸುರಿದ ಶಾಖವು ಅದಕ್ಕಿಂತಲೂ ಹೆಚ್ಚಾಗಿತ್ತು. ಇಂದಿನವರೆಗೆ ಸಮ್ಮಿಲನ ಶಕ್ತಿಯಿಂದ ಜಗತ್ತಿನ ಯಾವ ಮನೆಯಲ್ಲೂ ಒಂದು ಬಲ್ಬ್ ಉರಿದಿಲ್ಲ.

ಹೀಗೆ ಭರವಸೆ ನೀಡಿ ಅವಧಿ ಮುಂದೂಡುವುದು ಈ ಕ್ಷೇತ್ರದಲ್ಲಿ ಹೊಸದೇನೂ ಅಲ್ಲ. 1955ರಲ್ಲಿ ಜಿನೀವಾದಲ್ಲಿ ನಡೆದ ಅಣುಶಕ್ತಿಯ ಶಾಂತಿಯುತ ಬಳಕೆಯ ಸಮ್ಮೇಳನಕ್ಕೆ ನಮ್ಮವರೇ ಆದ ಹೋಮಿ ಭಾಭಾ ಅಧ್ಯಕ್ಷರಾಗಿದ್ದರು. ಎರಡು ದಶಕಗಳೊಳಗೆ ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿ ಬಿಡುಗಡೆ ಮಾಡುವ ದಾರಿ ಸಿಗುತ್ತದೆಂದು ಅವರು ಅಲ್ಲಿ ಭವಿಷ್ಯ ನುಡಿದಿದ್ದರು. ಏಳು ದಶಕಗಳು ಕಳೆದಿವೆ. 1958ರಲ್ಲಿ ಬ್ರಿಟನ್ ತನ್ನ ‘ಝೀಟಾ’ ಯಂತ್ರದಲ್ಲಿ ಸಮ್ಮಿಲನ ಸಾಧಿಸಿದೆನೆಂದು ಡಂಗುರ ಸಾರಿ, ಅದೇ ವರ್ಷ ಆ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು. ವಿಜ್ಞಾನಿಗಳು ಸುಳ್ಳುಗಾರರೆಂದು ಇದರ ಅರ್ಥವಲ್ಲ. ಕಾದ ಪ್ಲಾಸ್ಮಾ ಮನುಷ್ಯನ ಲೆಕ್ಕಾಚಾರಕ್ಕೆ ಸುಲಭವಾಗಿ ಮಣಿಯಲಿಲ್ಲವೆಂದಷ್ಟೇ ಅರ್ಥ.

ಮೂರು ಕಗ್ಗಂಟುಗಳು

ಮೊದಲನೆಯ ಕಗ್ಗಂಟು ಶಾಖದ್ದು. ಸೂರ್ಯನ ಗರ್ಭದ ಉಷ್ಣತೆ ಸುಮಾರು ಒಂದೂವರೆ ಕೋಟಿ ಡಿಗ್ರಿ. ಅಲ್ಲಿ ಅಗಾಧವಾದ ಗುರುತ್ವವು ಜಲಜನಕವನ್ನು ಅದುಮಿ ಹಿಡಿಯುತ್ತದೆ. ನಮ್ಮ ಯಂತ್ರಗಳಲ್ಲಿ ಆ ಭಾರವಿಲ್ಲದ್ದರಿಂದ ಅದರ ಹತ್ತರಷ್ಟು, ಅಂದರೆ ಹದಿನೈದು ಕೋಟಿ ಡಿಗ್ರಿ ಶಾಖ ಬೇಕು. ಅದನ್ನು ತಾಳುವ ಪಾತ್ರೆ ಲೋಕದಲ್ಲಿಲ್ಲ. ಆದ್ದರಿಂದ ಪ್ಲಾಸ್ಮಾವು ಗೋಡೆಗೆ ತಾಗದಂತೆ ಕಾಂತಶಕ್ತಿಯಿಂದ ಅದನ್ನು ಬಳೆಯಾಕಾರದ ಕೋಣೆಯೊಳಗೆ ತೇಲಿಸುತ್ತಾರೆ. ಸೋವಿಯತ್ ವಿಜ್ಞಾನಿಗಳು ರೂಪಿಸಿದ ಈ ವಿನ್ಯಾಸಕ್ಕೆ ಟೋಕಮಾಕ್ ಎಂದು ಹೆಸರು. ಆ ಕಾಂತಗಳು ಕೆಲಸ ಮಾಡಬೇಕಾದರೆ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಚಳಿಯಲ್ಲಿರಬೇಕು. ಕೆಲವೇ ಮೀಟರ್‌ಗಳ ಅಂತರದಲ್ಲಿ ಈ ಎರಡು ತುದಿಗಳನ್ನು ವರ್ಷಗಟ್ಟಲೆ ಒಟ್ಟಿಗೆ ನಡೆಸಬೇಕು.

ಎರಡನೆಯದು ಇಂಧನದ್ದು. ಡ್ಯುಟೀರಿಯಂ ಸಮುದ್ರದಲ್ಲಿದೆ, ಆದರೆ ಟ್ರಿಟಿಯಂ ನಿಸರ್ಗದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ವಿಕಿರಣಶೀಲ ವಸ್ತು. ಹನ್ನೆರಡು ವರ್ಷಗಳಲ್ಲಿ ಅದರ ಅರ್ಧದಷ್ಟು ತಾನಾಗಿ ಕರಗಿಹೋಗುತ್ತದೆ. ಇಂದು ಅದು ಮುಖ್ಯವಾಗಿ ದೊರೆಯುವುದು ಭಾರಜಲವನ್ನು ಬಳಸುವ ಅಣುಸ್ಥಾವರಗಳಿಂದ, ವಿಶೇಷವಾಗಿ ಕೆನಡಾದಿಂದ. ಕೈಗಾದ ನಾಲ್ಕು ಘಟಕಗಳೂ ಇದೇ ಜಾತಿಯವು. ಅಲ್ಲಿನ ಭಾರಜಲದಲ್ಲೂ ಟ್ರಿಟಿಯಂ ಹುಟ್ಟುತ್ತದೆ. 2009ರ ನವೆಂಬರ್‌ನಲ್ಲಿ ಅದೇ ಸ್ಥಾವರದ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂಯುಕ್ತ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹದೊಳಕ್ಕೆ ಹೋದ ಪ್ರಕರಣವನ್ನು ಓದುಗರು ಮರೆತಿರಲಾರರು. ಸಮ್ಮಿಲನವು ಸಂಪೂರ್ಣ ನಿರಪಾಯಕಾರಿಯೆಂದು ಹೇಳುವವರು ಈ ಹೆಸರನ್ನೂ ನೆನಪಿಡಬೇಕು. ಸಾವಿರ ಮೆಗಾವ್ಯಾಟ್ ಶಾಖದ ಒಂದು ಸಮ್ಮಿಲನ ಸ್ಥಾವರವು ವರ್ಷಪೂರ್ತಿ ಉರಿಯಲು ಸುಮಾರು 55 ಕಿಲೋ ಟ್ರಿಟಿಯಂ ಬೇಕು. ನಾಗರಿಕ ಬಳಕೆಗೆ ಜಗತ್ತಿನಲ್ಲಿರುವ ಒಟ್ಟು ದಾಸ್ತಾನು ಇಂತಹ ಒಂದೇ ಸ್ಥಾವರದ ಒಂದು ವರ್ಷಕ್ಕೂ ಸಾಲದು. ಆದ್ದರಿಂದ ಸ್ಥಾವರವು ತನ್ನ ಸುತ್ತಲಿನ ಲಿಥಿಯಂ ಹೊದಿಕೆಯಲ್ಲಿ ತನಗೆ ಬೇಕಾದ ಟ್ರಿಟಿಯಂ ಅನ್ನು ತಾನೇ ಹುಟ್ಟಿಸಿಕೊಳ್ಳಬೇಕು. ತತ್ವತಃ ಇದು ಸಾಧ್ಯ. ಆದರೆ ಪೂರ್ಣ ಪ್ರಮಾಣದಲ್ಲಿ ಇದನ್ನು ಯಾರೂ ಇನ್ನೂ ಮಾಡಿ ತೋರಿಸಿಲ್ಲ.

ಮೂರನೆಯದು ಗೋಡೆಯದ್ದು. ಸಮ್ಮಿಲನದ ಐದರಲ್ಲಿ ನಾಲ್ಕು ಪಾಲು ಶಕ್ತಿಯನ್ನು ನ್ಯೂಟ್ರಾನ್ ಕಣಗಳು ಹೊತ್ತೊಯ್ಯುತ್ತವೆ. ವಿದ್ಯುದಂಶವಿಲ್ಲದ ಇವು ಕಾಂತಕ್ಕೆ ಬಗ್ಗುವುದಿಲ್ಲ. ನೇರವಾಗಿ ಗೋಡೆಗೆ ಬಡಿದು ಉಕ್ಕಿನ ಪರಮಾಣುಗಳನ್ನು ಅವುಗಳ ಜಾಗದಿಂದ ಕದಲಿಸುತ್ತವೆ. ಗೋಡೆ ಬಿರುಸಾಗುತ್ತದೆ, ವಿಕಿರಣಶೀಲವಾಗುತ್ತದೆ. ಈ ಪೆಟ್ಟನ್ನು ದಶಕಗಟ್ಟಲೆ ತಾಳುವ ಲೋಹ ಯಾವುದೆಂದು ತಿಳಿಯಲು ಅಂಥದೇ ನ್ಯೂಟ್ರಾನ್ ಮಳೆಯನ್ನು ಸುರಿಸಿ ಪರೀಕ್ಷಿಸುವ ಕೇಂದ್ರವೊಂದು ಬೇಕು. ‘ಇಫ್ಮಿಫ್-ಡೋನ್ಸ್’ ಎಂಬ ಆ ಕೇಂದ್ರವು ನಿರ್ಮಾಣವಾಗುತ್ತಿರುವುದು ಸ್ಪೇನಿನ ಎಸ್ಕೂಸರ್‌ನಲ್ಲಿ, ಗ್ರನಡಾ ನಗರದ ಸಮೀಪದಲ್ಲಿ. 1492ರಲ್ಲಿ ಕಳೆದುಕೊಂಡ ಗ್ರನಡಾದ ಬಗ್ಗೆ ನಮ್ಮ ಭಾಷಣಗಳಲ್ಲಿ ಕಣ್ಣೀರಿಗೆ ಕೊರತೆಯಿಲ್ಲ. ಅಲ್‌ಹಂಬ್ರಾದ ಚಿತ್ರವು ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿದೆ. ಆದರೆ ಅದೇ ಗ್ರನಡಾದಲ್ಲಿ ಇಂದು ಏನು ನಡೆಯುತ್ತಿದೆಯೆಂದು ತಿಳಿದವರು ನಮ್ಮಲ್ಲಿ ಎಷ್ಟು ಮಂದಿ?

ಈ ಎಲ್ಲ ಕಗ್ಗಂಟುಗಳನ್ನು ಬಿಡಿಸುವ ಅತಿ ದೊಡ್ಡ ಪ್ರಯತ್ನವು ದಕ್ಷಿಣ ಫ್ರಾನ್ಸಿನ ಕಾದರಾಶ್‌ನಲ್ಲಿ ನಡೆಯುತ್ತಿದೆ. ‘ಈಟರ್’ ಎಂಬ ಈ ಯೋಜನೆಯಲ್ಲಿ ಯುರೋಪಿಯನ್ ಒಕ್ಕೂಟ, ಅಮೆರಿಕ, ರಷ್ಯಾ, ಚೀನಾ, ಜಪಾನ್, ದಕ್ಷಿಣ ಕೊರಿಯಾ ಮತ್ತು ಭಾರತ ಪಾಲುದಾರರು. 50 ಮೆಗಾವ್ಯಾಟ್ ಶಾಖ ಕೊಟ್ಟು 500 ಮೆಗಾವ್ಯಾಟ್ ಪಡೆಯುವುದು ಇದರ ಗುರಿ. ಮೊದಲ ಅಂದಾಜಿನಲ್ಲಿ ಸುಮಾರು 500 ಕೋಟಿ ಯೂರೋ ಇದ್ದ ವೆಚ್ಚ ಈಗ 2,000 ಕೋಟಿಯನ್ನು ದಾಟಿದೆ. 2022ರಲ್ಲಿ ತಂಪುಗೊಳಿಸುವ ಕೊಳವೆಗಳಲ್ಲಿ ಬಿರುಕು ಕಂಡುಬಂದು ಜೋಡಿಸಿದ್ದನ್ನು ಮತ್ತೆ ಬಿಚ್ಚಬೇಕಾಯಿತು. 2024ರ ಜುಲೈಯಲ್ಲಿ ಪ್ರಕಟವಾದ ಹೊಸ ವೇಳಾಪಟ್ಟಿಯಂತೆ ಅಲ್ಲಿ ಸಂಶೋಧನೆ ಆರಂಭವಾಗುವುದು 2034ರಲ್ಲಿ, ಟ್ರಿಟಿಯಂ ಹಾಕಿ ಉರಿಸುವುದು 2039ರಲ್ಲಿ. ಅದರ ಬಳಿಕವೂ ಈ ಯಂತ್ರವು ವಿದ್ಯುತ್ ನೀಡುವುದಿಲ್ಲ. ವಿದ್ಯುತ್ ನೀಡುವ ಯಂತ್ರವನ್ನು ಹೇಗೆ ಕಟ್ಟಬೇಕೆಂಬ ಪಾಠವನ್ನಷ್ಟೇ ನೀಡುತ್ತದೆ.

ಹಾಗಾದರೆ ಇದರ ಹೆಸರಿನಲ್ಲಿ ಇಂದಿನ ಕರ್ತವ್ಯವನ್ನು ನಾಳೆಗೆ ದೂಡುವ ಹಕ್ಕು ಯಾವ ಸರಕಾರಕ್ಕೂ ಇಲ್ಲ. ಹದಿನೈದು ಕೋಟಿ ಕಿಲೋಮೀಟರ್ ದೂರದಲ್ಲಿ ಒಂದು ಸಮ್ಮಿಲನ ಸ್ಥಾವರವು ಯಾವ ದುರಸ್ತಿಯನ್ನೂ ಕೇಳದೆ ಉರಿಯುತ್ತಿದೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರು ಗೇಣಿಗೆ ಕೊಟ್ಟ ಸುಮಾರು 13,000 ಎಕರೆ ಒಣಭೂಮಿಯಲ್ಲಿ ಅದರ ಬೆಳಕಿನಿಂದ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದು ನಿಂತಿದೆ. ಹವಾಮಾನದ ವಿನಾಶವನ್ನು ತಡೆಯಲು ಬೇಕಾದ ಕೆಲಸವು ಈ ದಶಕದ್ದು. ಸಮ್ಮಿಲನವು ನಮ್ಮ ಮೊಮ್ಮಕ್ಕಳ ಕಾಲದ್ದು. ಮೊಮ್ಮಕ್ಕಳ ರಾತ್ರಿಗೂ ಅವರ ಕಾರ್ಖಾನೆಗೂ ಮೋಡ ಕವಿದ ಮಳೆಗಾಲಕ್ಕೂ ಶಕ್ತಿ ಬೇಕಾದ್ದರಿಂದ ಅದನ್ನು ಕೈಬಿಡುವುದೂ ವಿವೇಕವಲ್ಲ.

ಬಾಂಬ್ ಮೊದಲು, ದೀಪ ಆಮೇಲೆ

ಈ ಚರಿತ್ರೆಯ ಅತ್ಯಂತ ನಾಚಿಕೆಗೇಡಿನ ಅಧ್ಯಾಯವನ್ನು ಸಂಭ್ರಮದ ಸುದ್ದಿಗಳು ಮರೆಮಾಚುತ್ತವೆ. ಸಮ್ಮಿಲನದಿಂದ ದೀಪ ಉರಿಸಲು ಮನುಷ್ಯನಿಗೆ ಇನ್ನೂ ಆಗಿಲ್ಲ. ಆದರೆ ಅದರಿಂದ ಸುಡಲು ಅವನು 1952ರಲ್ಲೇ ಕಲಿತಿದ್ದನು. ಆ ವರ್ಷದ ನವೆಂಬರ್ 1ರಂದು ಅಮೆರಿಕವು ಪೆಸಿಫಿಕ್‌ನ ಪುಟ್ಟ ದ್ವೀಪವೊಂದರಲ್ಲಿ ಹೈಡ್ರೋಜನ್ ಬಾಂಬಿನ ತತ್ವವನ್ನು ಸ್ಫೋಟಿಸಿ ನೋಡಿತು. ಆ ದ್ವೀಪವೇ ಭೂಪಟದಿಂದ ಅಳಿಸಿಹೋಯಿತು. ಸೋವಿಯತ್ ರಷ್ಯಾವು ತನ್ನ ಹೈಡ್ರೋಜನ್ ಬಾಂಬನ್ನು 1955ರಲ್ಲಿ ಪರೀಕ್ಷಿಸಿದ್ದು ಕಝಕಿಸ್ತಾನದ ಸೆಮಿಪಲಾಟಿನ್ಸ್ಕ್‌ನಲ್ಲಿ. ಮುಸ್ಲಿಮ್ ಕಝಕ್ ಜನತೆಯ ಹುಲ್ಲುಗಾವಲಿನಲ್ಲಿ 1949ರಿಂದ 1989ರವರೆಗೆ 456 ಅಣುಪರೀಕ್ಷೆಗಳು ನಡೆದವು. ಅವರನ್ನು ಯಾರೂ ಕೇಳಲಿಲ್ಲ. ಅವರ ಮಕ್ಕಳ ರೋಗಗಳನ್ನು ಯಾವ ವಿಜಯೋತ್ಸವದಲ್ಲೂ ಎಣಿಸಲಿಲ್ಲ. 1991ರ ಆಗಸ್ಟ್ 29ರಂದು ಆ ಪರೀಕ್ಷಾಭೂಮಿಗೆ ಬೀಗ ಬಿತ್ತು.

ಇಂದು ಅದೇ ಪರೀಕ್ಷಾಭೂಮಿಯ ಆಡಳಿತ ಕೇಂದ್ರವಾಗಿದ್ದ ಕುರ್ಚಾತೊವ್ ಪಟ್ಟಣದಲ್ಲಿ ಕಝಕಿಸ್ತಾನವು ಸಮ್ಮಿಲನ ಸಂಶೋಧನೆಯ ಟೋಕಮಾಕ್ ಯಂತ್ರವನ್ನು ಸ್ಥಾಪಿಸಿದೆ. ಅದು 2017ರಲ್ಲಿ ಈಟರ್‌ನೊಂದಿಗೆ ಸಹಕಾರ ಒಪ್ಪಂದವನ್ನೂ ಮಾಡಿಕೊಂಡಿದೆ. ಬೆಂಕಿಯ ಎರಡು ಮುಖಗಳನ್ನು ಒಂದೇ ಮಣ್ಣಿನಲ್ಲಿ ಕಾಣಬೇಕಾದರೆ ಅಲ್ಲಿಗೆ ಹೋಗಬೇಕು.

ಲಿವರ್‌ಮೋರ್‌ನ ಲೇಸರ್‌ಗಳ ಹಿಂದೆಯೂ ಇದೇ ನೆರಳಿದೆ. ಆ ಕೇಂದ್ರವನ್ನು ಕಟ್ಟಿದ ಮುಖ್ಯ ಉದ್ದೇಶ ಜನರಿಗೆ ವಿದ್ಯುತ್ ಕೊಡುವುದಾಗಿರಲಿಲ್ಲ. 1992ರಲ್ಲಿ ಭೂಗರ್ಭದ ಅಣುಪರೀಕ್ಷೆಗಳನ್ನು ನಿಲ್ಲಿಸಿದ ಅಮೆರಿಕವು, ತನ್ನ ಉಗ್ರಾಣದಲ್ಲಿರುವ ಬಾಂಬುಗಳು ಕೆಟ್ಟುಹೋಗಿಲ್ಲವೆಂದು ಸ್ಫೋಟವಿಲ್ಲದೆ ಖಚಿತಪಡಿಸಿಕೊಳ್ಳಲು ಕಟ್ಟಿಸಿದ ಸೌಕರ್ಯವದು. 2022ರ ಘೋಷಣೆಯಲ್ಲೇ ರಾಷ್ಟ್ರರಕ್ಷಣೆಯ ಮಾತು ಮೊದಲು, ಶುದ್ಧ ವಿದ್ಯುತ್ತಿನ ಮಾತು ನಂತರ ಬಂದಿತ್ತು. ಇದನ್ನು ಯಾರೂ ಗುಟ್ಟಾಗಿ ಇಟ್ಟಿಲ್ಲ. ನಾವು ಓದಿಲ್ಲ, ಅಷ್ಟೇ. ಅಣುಶಕ್ತಿಯ ಬಗ್ಗೆ ಇತರ ದೇಶಗಳಿಗೆ ನೀತಿಪಾಠ ಹೇಳುವವರ ಕೈಯಲ್ಲಿ ಈ ವಿಜ್ಞಾನವು ಮೊದಲು ಆಯುಧದ ಸೇವಕನಾಗಿಯೇ ಬೆಳೆಯಿತೆಂಬುದನ್ನು ಮರೆಯುವಂತಿಲ್ಲ.

ಆದರೆ ಇದೇ ಚರಿತ್ರೆಯಲ್ಲಿ ಬೇರೊಂದು ಪುಟವೂ ಇದೆ. 1968ರಲ್ಲಿ ಸೋವಿಯತ್ ವಿಜ್ಞಾನಿಗಳು ತಮ್ಮ ಟೋಕಮಾಕ್‌ನ ಯಶಸ್ಸನ್ನು ತಿಳಿಸಿದಾಗ ಪಶ್ಚಿಮದವರು ನಂಬಲಿಲ್ಲ. ರಷ್ಯನ್ನರು ಸಿಟ್ಟಾಗುವ ಬದಲು ಬ್ರಿಟಿಷ್ ತಂಡವೊಂದನ್ನು ಮಾಸ್ಕೋಗೆ ಕರೆದು, ನಿಮ್ಮದೇ ಉಪಕರಣದಿಂದ ಅಳೆದುಕೊಳ್ಳಿ ಎಂದರು. 1969ರಲ್ಲಿ ಶೀತಲ ಸಮರದ ನಡುವೆಯೇ ಆ ತಂಡ ಬಂದು ಲೇಸರ್‌ನಿಂದ ಅಳೆಯಿತು. ರಷ್ಯನ್ನರ ಮಾತು ನಿಜವಾಗಿತ್ತು. ಅಂದಿನಿಂದ ಇಡೀ ಜಗತ್ತು ಟೋಕಮಾಕ್ ದಾರಿ ಹಿಡಿಯಿತು. 1985ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಜಿನೀವಾದಲ್ಲಿ ಭೇಟಿಯಾದಾಗ ಮೂಡಿದ ಸಹಕಾರದ ಮಾತೇ ಮುಂದೆ ಈಟರ್ ಆಯಿತು. ಉಕ್ರೇನ್ ಯುದ್ಧದ ನಂತರವೂ ರಷ್ಯಾ ಈ ಯೋಜನೆಯಲ್ಲಿ ಉಳಿದಿದೆ. ಪ್ರಮಾಣ ತೋರಿಸು, ನಂಬುತ್ತೇನೆ ಎಂಬ ನಿಯಮವು ವೈರಿಗಳನ್ನೂ ಒಂದೇ ಮೇಜಿಗೆ ತಂದ ಬಗೆಯಿದು.

ಬೆಳಕು ಮತ್ತು ಕೆಂಡ

ನೀರು, ಮೇವು ಮತ್ತು ಬೆಂಕಿ ಈ ಮೂರರಲ್ಲಿ ಜನರೆಲ್ಲರೂ ಪಾಲುದಾರರೆಂಬ ತತ್ವವನ್ನು ಪ್ರವಾದಿವರ್ಯರು(ಸ) ನಮಗೆ ಕಲಿಸಿಕೊಟ್ಟಿದ್ದಾರೆ. ಮದ್ರಸಗಳಲ್ಲಿ ಕರ್ಮಶಾಸ್ತ್ರ ಓದಿದವರಿಗೆ ಇದರ ಸುತ್ತಲಿನ ಚರ್ಚೆ ಪರಿಚಿತ. ಬೆಂಕಿಯಲ್ಲಿ ಪಾಲೆಂದರೆ ಏನು? ಬಯಲಿನಲ್ಲಿ ಒಬ್ಬನು ಬೆಂಕಿ ಹಚ್ಚಿದರೆ ಅದರ ಬೆಳಕಿನಲ್ಲಿ ನಡೆಯುವುದನ್ನು, ಅದರ ಬಿಸಿಯಲ್ಲಿ ಮೈಕಾಯಿಸುವುದನ್ನು, ಅದರಿಂದ ತನ್ನ ದೀಪ ಹಚ್ಚಿಕೊಳ್ಳುವುದನ್ನು ಅವನು ಯಾರಿಗೂ ತಡೆಯುವಂತಿಲ್ಲ. ಆದರೆ ಕೆಂಡವು ಅವನದು. ಅವನ ಸೌದೆಯಿಂದಾದ ಕೆಂಡವನ್ನು ಅಪ್ಪಣೆಯಿಲ್ಲದೆ ಎತ್ತಿಕೊಂಡು ಹೋಗುವಂತಿಲ್ಲ. ಒಡೆತನದ ಹಕ್ಕನ್ನೂ ಸರ್ವಜನರ ಹಕ್ಕನ್ನೂ ಒಂದೇ ಒಲೆಯ ಮುಂದೆ ಕೂರಿಸಿ ಇತ್ಯರ್ಥ ಮಾಡಿದ ಈ ವಿವೇಕವು ಇಂದು ಎಷ್ಟು ಅಗತ್ಯವೆಂದು ನೋಡಿ.

ಈಟರ್ ಒಪ್ಪಂದವು ತಿಳಿಯದೆಯೇ ಈ ತತ್ವದ ಸಮೀಪಕ್ಕೆ ಬಂದಿದೆ. ಆತಿಥೇಯ ಯುರೋಪ್ ವೆಚ್ಚದ ಸುಮಾರು 45 ಶೇಕಡ ಹೊರುತ್ತದೆ. ಭಾರತವೂ ಸೇರಿ ಉಳಿದ ಪ್ರತಿ ಸದಸ್ಯನ ಪಾಲು ಸುಮಾರು 9 ಶೇಕಡ. ಆದರೆ ಅಲ್ಲಿ ಹುಟ್ಟುವ ಜ್ಞಾನದಲ್ಲಿ ಪ್ರತಿಯೊಬ್ಬನಿಗೂ ನೂರಕ್ಕೆ ನೂರು ಪ್ರವೇಶವಿದೆ. ಈ ಪಾಲಿಗಾಗಿ ಭಾರತವು ಸಣ್ಣ ಕೆಲಸವನ್ನೇನೂ ಮಾಡಿಲ್ಲ. ಯಂತ್ರವನ್ನು ಪೂರ್ತಿಯಾಗಿ ಸುತ್ತುವರಿಯುವ, 3,850 ಟನ್ ತೂಗುವ ಉಕ್ಕಿನ ಮಹಾಪಾತ್ರೆಯ ಭಾಗಗಳು ತಯಾರಾದದ್ದು ಗುಜರಾತಿನ ಹಝೀರಾದಲ್ಲಿ.

ಆದರೆ ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಖಾಸಗಿ ಬಂಡವಾಳವು ಈ ಕ್ಷೇತ್ರಕ್ಕೆ ನುಗ್ಗಿದೆ. 2023ರಲ್ಲಿ ಹೀಲಿಯಾನ್ ಎಂಬ ಅಮೆರಿಕದ ಕಂಪೆನಿಯು 2028ರಿಂದ ವಿದ್ಯುತ್ ನೀಡುವುದಾಗಿ ಮೈಕ್ರೋಸಾಫ್ಟ್‌ಗೆ ಬರೆದುಕೊಟ್ಟಿತು. 2025ರಲ್ಲಿ ಗೂಗಲ್ ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಎಂಬ ಇನ್ನೊಂದು ಕಂಪೆನಿಯಿಂದ, ಇನ್ನೂ ಕಟ್ಟದ ಸ್ಥಾವರದ 200 ಮೆಗಾವ್ಯಾಟ್ ಅನ್ನು ಮುಂಗಡವಾಗಿ ಕಾದಿರಿಸಿತು. ಇವರ ತಂತ್ರಜ್ಞರ ಪ್ರತಿಭೆಯನ್ನು ಅಲ್ಲಗಳೆಯಬೇಕಾಗಿಲ್ಲ. ಸರಕಾರಿ ಯೋಜನೆಗಳ ಆಮೆನಡಿಗೆಗೆ ಇದು ಚುರುಕು ಮುಟ್ಟಿಸಿದೆಯೆಂಬುದೂ ಸರಿ. ಆದರೆ ಪ್ರಶ್ನೆ ಉಳಿಯುತ್ತದೆ. ಏಳು ದಶಕಗಳ ಕಾಲ ಜನರ ತೆರಿಗೆಯಿಂದ ಬೆಳೆದ ಜ್ಞಾನದ ಮೇಲೆ ಕೊನೆಯ ಇಟ್ಟಿಗೆಯಿಟ್ಟವನು ಇಡೀ ಕಟ್ಟಡಕ್ಕೆ ಪೇಟೆಂಟ್ ಬರೆಸಿಕೊಳ್ಳಬಹುದೇ? ಕಂಪೆನಿಗೆ ಅದರ ಕೆಂಡ ಸಲ್ಲಲಿ. ಬೆಳಕನ್ನೂ ಬೀಗ ಹಾಕಿ ಇಟ್ಟರೆ ಅದು ಅನ್ಯಾಯ. ಔಷಧಗಳ ಪೇಟೆಂಟಿನಿಂದ ಆಫ್ರಿಕದ ಏಡ್ಸ್ ರೋಗಿಗಳು ಅನುಭವಿಸಿದ ಸಂಕಟವು ನಾಳೆ ವಿದ್ಯುತ್ತಿನಲ್ಲಿ ಮರುಕಳಿಸಬಾರದು. ಸಮುದ್ರದ ನೀರು ಎಲ್ಲರದ್ದಾದರೂ ಅದನ್ನು ಉರಿಸುವ ವಿದ್ಯೆ ನಾಲ್ಕು ಕಂಪೆನಿಗಳದ್ದಾದರೆ ತೈಲದ ಕಾಲದ ಗುಲಾಮಗಿರಿಯೇ ಹೊಸ ವೇಷದಲ್ಲಿ ಬರುತ್ತದೆ.

2006ರ ನವೆಂಬರ್

ನ್ಯಾಯದ ಈ ಬೇಡಿಕೆಯನ್ನು ಮಂಡಿಸುವ ನೈತಿಕ ಅರ್ಹತೆ ನಮಗಿದೆಯೇ ಎಂದು ಒಂದು ಕ್ಷಣ ನಮ್ಮತ್ತಲೂ ನೋಡಿಕೊಳ್ಳೋಣ. ಈಟರ್‌ನ ಏಳು ಸದಸ್ಯರಲ್ಲಿ ಮುಸ್ಲಿಮ್ ಬಹುಸಂಖ್ಯಾತ ದೇಶ ಒಂದೂ ಇಲ್ಲ. ಅರ್ಧ ಶತಮಾನದಿಂದ ಜಗತ್ತಿಗೆ ಇಂಧನ ಮಾರಿದವರು ಇಂಧನದ ನಾಳೆಯನ್ನು ಕಟ್ಟುವ ಮೇಜಿನಲ್ಲಿ ಕುರ್ಚಿ ಕೇಳಲಿಲ್ಲ. ಗಗನಚುಂಬಿ ಕಟ್ಟಡಗಳಿಗೂ ಫುಟ್ಬಾಲ್ ತಂಡಗಳಿಗೂ ಹರಿದ ತೈಲದ ಹಣದ ಒಂದು ಸಣ್ಣ ಅಂಶವು ಅಲ್ಲಿಗೆ ಸಾಕಾಗುತ್ತಿತ್ತು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬೆಳಕಿನ ಶಾಸ್ತ್ರ ಬರೆದ ಇಬ್ನುಲ್ ಹೈತಮ್‌ರ ಹೆಸರು ಹೇಳಿ ಎದೆಯುಬ್ಬಿಸುವುದು ಸುಲಭ. ನೈಲ್ ನದಿಯ ಹರಿವನ್ನು ನಿಯಂತ್ರಿಸುವೆನೆಂದು ಹೊರಟ ಅವರು, ಸ್ಥಳ ನೋಡಿದ ಮೇಲೆ ಅದು ತನ್ನಿಂದಾಗದೆಂದು ಖಲೀಫನೆದುರು ಒಪ್ಪಿಕೊಂಡರೆಂದು ಚರಿತ್ರೆಕಾರರು ಬರೆಯುತ್ತಾರೆ. ಆ ಪ್ರಾಮಾಣಿಕತೆಯೂ ಅವರ ಪರಂಪರೆಯ ಭಾಗವೇ.

ದೂರದ ದೊರೆಗಳನ್ನು ದೂರಿ ಕೈತೊಳೆದುಕೊಳ್ಳುವುದು ಬೇಡ. ಭಾರತವು ಈಟರ್ ಒಪ್ಪಂದಕ್ಕೆ ಪ್ಯಾರಿಸ್‌ನಲ್ಲಿ ಸಹಿ ಹಾಕಿದ್ದು 2006ರ ನವೆಂಬರ್ 21ರಂದು. ಅದೇ ತಿಂಗಳಲ್ಲಿ ಸಾಚಾರ್ ಸಮಿತಿಯ ವರದಿಯು ಪ್ರಧಾನಿಯ ಕೈಸೇರಿ ಸಂಸತ್ತಿನಲ್ಲಿ ಮಂಡನೆಯಾಯಿತು. ದೇಶದ ಪ್ರತಿಷ್ಠಿತ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬ, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಅದು ಹೇಳಿತು. ದೇಶವು ಸೂರ್ಯನ ಬೆಂಕಿಯಲ್ಲಿ ಪಾಲು ಪಡೆದ ತಿಂಗಳಲ್ಲೇ ದೇಶದ ವಿದ್ಯೆಯಲ್ಲಿ ನಮ್ಮ ಪಾಲೆಷ್ಟೆಂಬುದೂ ಬಯಲಾಯಿತು. ಇದಕ್ಕೆ ಪ್ರಭುತ್ವದ ನಿರ್ಲಕ್ಷ್ಯ, ತಾರತಮ್ಯ, ಬಡತನಗಳು ಕಾರಣವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಆ ಹೋರಾಟ ಮುಂದುವರಿಯಬೇಕು. ಆದರೆ ಮನೆಯೊಳಗಿನ ಕಾರಣಗಳೂ ಇವೆ.

ನಮ್ಮ ಪಟ್ಟಣಗಳ ಅನುಕೂಲಸ್ಥ ಕುಟುಂಬಗಳಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಪಡೆದ ಮಗುವಿನ ಮುಂದೆ ಇಡುವ ದಾರಿಗಳು ಎರಡೋ ಮೂರೋ. ವೈದ್ಯಕೀಯ, ಇಂಜಿನಿಯರಿಂಗ್, ಇಲ್ಲವೇ ಗಲ್ಫಿನ ವೀಸಾ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಂಶೋಧನೆಗೆ ಹೋಗುತ್ತೇನೆಂದು ಮಗಳು ಹೇಳಿದರೆ, ಅದರಿಂದ ಏನು ಸಿಗುತ್ತದೆಂಬ ಪ್ರಶ್ನೆ ಮೊದಲು ಏಳುತ್ತದೆ, ಮದುವೆಯ ಪ್ರಶ್ನೆ ಆಮೇಲೆ. ಗಾಂಧಿನಗರದ ಸಮೀಪದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ 1989ರಲ್ಲೇ ‘ಆದಿತ್ಯ’ ಎಂಬ ದೇಶೀಯ ಟೋಕಮಾಕ್ ಉರಿಯತೊಡಗಿತು. ಭೌತಶಾಸ್ತ್ರದ ಪದವೀಧರರಿಗೆ ಅಲ್ಲಿ ಡಾಕ್ಟರೇಟ್ ಸಂಶೋಧನೆಗೆ ಅವಕಾಶವಿದೆ. ಈ ಸಂಸ್ಥೆಯ ಹೆಸರನ್ನು ನಮ್ಮ ಎಷ್ಟು ವಿದ್ಯಾಸಂಸ್ಥೆಗಳು ಮಕ್ಕಳಿಗೆ ಹೇಳಿಕೊಟ್ಟಿವೆ? ಧಾರ್ಮಿಕ ವಿದ್ಯೆ, ಲೌಕಿಕ ವಿದ್ಯೆ ಎಂಬ ಗೋಡೆಯನ್ನು ಮಧ್ಯದಲ್ಲಿ ಎಬ್ಬಿಸಿ, ಒಂದು ಕಡೆ ಪ್ರಶ್ನಿಸದ ಪಠಣವನ್ನೂ ಇನ್ನೊಂದು ಕಡೆ ಸಂಬಳದ ಲೆಕ್ಕವನ್ನೂ ಇಟ್ಟವರು ನಾವೇ. ಸೂರ್ಯಚಂದ್ರರ ಬಗ್ಗೆ ಚಿಂತಿಸಲು ಮತ್ತೆ ಮತ್ತೆ ಆಹ್ವಾನಿಸುವ ಗ್ರಂಥವನ್ನು ಎದೆಗಪ್ಪಿಕೊಂಡ ಸಮುದಾಯದಲ್ಲಿ ಸೂರ್ಯನು ಹೇಗೆ ಉರಿಯುತ್ತಾನೆಂದು ಕೇಳುವ ಮಗು ಒಂಟಿಯಾಗಬಾರದು.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ಪ್ರತಿ ಪಟ್ಟಣದ ಜಮಾಅತ್ ತನ್ನ ವಿದ್ಯಾರ್ಥಿವೇತನದಲ್ಲಿ ಒಂದು ಪಾಲನ್ನು ಮೂಲವಿಜ್ಞಾನಕ್ಕೆಂದು ಮೀಸಲಿಡಬಹುದು. ಅದನ್ನು ಎರಡು ವರ್ಷಕ್ಕೆ ನಿಲ್ಲಿಸದೆ ಡಾಕ್ಟರೇಟ್‌ವರೆಗೂ ಮುಂದುವರಿಸಬೇಕು. ನಮ್ಮ ಶಾಲೆಗಳಲ್ಲಿ ಬೀಗ ಹಾಕಿದ ಪ್ರಯೋಗಾಲಯಗಳ ಬಾಗಿಲು ತೆರೆಯಬೇಕು. ಮಸೀದಿಯ ಗ್ರಂಥಾಲಯದಲ್ಲಿ ತಫ್ಸೀರಿನ ಪಕ್ಕದಲ್ಲಿ ಒಂದು ಒಳ್ಳೆಯ ಭೌತಶಾಸ್ತ್ರದ ಪುಸ್ತಕಕ್ಕೆ ಜಾಗವಾಗಬೇಕು. ಇಂದು ಏಳನೇ ತರಗತಿಯಲ್ಲಿರುವ ಬಾಲಕಿಯು, 2039ರಲ್ಲಿ ಕಾದರಾಶ್‌ನ ಯಂತ್ರಕ್ಕೆ ಟ್ರಿಟಿಯಂ ತುಂಬುವ ಹೊತ್ತಿಗೆ, ತನ್ನ ಸಂಶೋಧನೆಯ ಅತ್ಯುತ್ತಮ ವಯಸ್ಸಿನಲ್ಲಿರುತ್ತಾಳೆ. ಅವಳ ಸಿದ್ಧತೆ ಆರಂಭವಾಗಬೇಕಾದದ್ದು ಈ ಶೈಕ್ಷಣಿಕ ವರ್ಷದಲ್ಲಿ.

ಸಮ್ಮಿಲನದ ಮೇಲೆ ದುಡಿದ ಮೊದಲ ತಲೆಮಾರು ಅದರ ಫಲವನ್ನು ಕಾಣದೆ ತೀರಿಹೋಯಿತು. ಎರಡನೆಯ ತಲೆಮಾರು ನಿವೃತ್ತವಾಗಿದೆ. ಆದರೂ ಕೆಲಸ ನಿಂತಿಲ್ಲ. ಅಂತ್ಯದಿನವೇ ಎದುರಾದರೂ ಕೈಯಲ್ಲಿರುವ ಸಸಿಯನ್ನು ನೆಟ್ಟುಬಿಡಬೇಕೆಂದು ಕಲಿಸಿದ ಪ್ರವಾದಿಯ(ಸ) ಅನುಯಾಯಿಗಳಿಗೆ ಈ ಬಗೆಯ ತಾಳ್ಮೆ ಅಪರಿಚಿತವಾಗಬೇಕಾಗಿಲ್ಲ. ನಾವು ಸಬ್ರ್ ಎಂಬ ಪದವನ್ನು ಕಷ್ಟ ಬಂದಾಗ ಸುಮ್ಮನಿರುವುದಕ್ಕೆ ಸೀಮಿತಗೊಳಿಸಿದ್ದೇವೆ. ಫಲ ಕಾಣದ ಕೆಲಸದಲ್ಲಿ ತಲೆಮಾರುಗಟ್ಟಲೆ ನಿರತರಾಗಿರುವುದೂ ಸಬ್ರ್‌ನ ಒಂದು ಅರ್ಥ. ಬೆಂಕಿಯಲ್ಲಿ ಎಲ್ಲರಿಗೂ ಪಾಲಿದೆಯೆಂಬುದು ನಮ್ಮ ನಂಬಿಕೆ. ಅದನ್ನು ಹೊತ್ತಿಸುವ ದುಡಿಮೆಯಲ್ಲೂ ಪಾಲು ಕೇಳಿದಾಗಲೇ ಆ ನಂಬಿಕೆಯ ಮಾತಿಗೆ ಜಗತ್ತು ಕಿವಿಗೊಟ್ಟೀತು.